ರೂಪಾಯಿಗೆ ಎಷ್ಟಾಣೆ?

ನೋವನ್ನು ಅಳೆಯುವ ಗಜಕಡ್ಡಿ ಉಂಟೇ ಎಂದು ಯಾರಾದರೂ ಕೇಳಿದ್ದರೆ, ಮೂವತ್ತು ವರ್ಷ ಹುಡುಗರಿಗೆ ಗಣಿತವನ್ನು ಹೇಳಿಕೊಟ್ಟವನಾದ ನಾನು ಇಲ್ಲವೆಂದೇ ಹೇಳಿಬಿಡುತ್ತಿದ್ದೆನು. ಅಳೆಯಬೇಕಾದರೆ ವಸ್ತುವಿಗೆ ಒಂದು ಆಕಾರವಿರಬೇಕು, ಇಲ್ಲವೆ ತೂಕವಿರಬೇಕು. ಇವೆರಡೂ ಇಲ್ಲದುದು ಅನುಭವಿಸಿದವರ ಬಾಯಮಾತಾಗಿಯೇ ಉಳಿಯತಕ್ಕದ್ದು ಎಂಬುದು ನನ್ನ ತಿಳಿವಳಿಕೆಯಾಗಿದ್ದಿತು. 2008ರಲ್ಲಿ ಹೈದರಾಬಾದಿನ ಒಬ್ಬ ಸಂಧಿರೋಗತಜ್ಞರ ಕೋಣೆಯಲ್ಲಿ ನನ್ನ ತಾಯಿಯ ಪಕ್ಕದಲ್ಲಿ ಕುಳಿತಿದ್ದಾಗ ಆ ತಿಳಿವಳಿಕೆಗೆ ಮೊದಲನೆಯ ಪೆಟ್ಟು ಬಿದ್ದಿತು.

ವೈದ್ಯರು ಒಂದು ಕಾಗದವನ್ನು ತಾಯಿಯ ಮುಂದೆ ಇಟ್ಟರು. ಅದರ ಮೇಲೆ ಸರಿಯಾಗಿ ಹತ್ತು ಸೆಂಟಿಮೀಟರು ಉದ್ದದ ಒಂದು ಗೆರೆ. ಎಡತುದಿಯೆಂದರೆ ಬಾಧೆಯೇ ಇಲ್ಲ. ಬಲತುದಿಯೆಂದರೆ ಇದಕ್ಕಿಂತ ಹೆಚ್ಚಿನ ಬಾಧೆ ಇರಲಾರದು. ನಡುವೆ ತನ್ನ ಸ್ಥಿತಿ ಎಲ್ಲಿರುವುದೋ ಅಲ್ಲಿ ರೋಗಿಯು ಒಂದು ಗುರುತನ್ನು ಮಾಡಬೇಕು. ಆಮೇಲೆ ಅಡಿಪಟ್ಟಿಯಿಂದ ಮಿಲಿಮೀಟರುಗಳನ್ನು ಎಣಿಸಿದರೆ ನೂರಕ್ಕೆ ಇಷ್ಟೆಂದು ಲೆಕ್ಕ ಸಿಕ್ಕುತ್ತದೆ. ಅಕ್ಷರವನ್ನರಿಯದ ನನ್ನ ತಾಯಿ ಆ ಗೆರೆಯನ್ನು ಬಹಳ ಹೊತ್ತು ನೋಡಿ, ನನ್ನ ಕಡೆಗೆ ತಿರುಗಿ, “ಎಲ್ಲಿ ಒತ್ತಬೇಕೋ ತಮ್ಮಾ, ಹೆಬ್ಬಟ್ಟು?” ಎಂದು ಕೇಳಿದಳು. ಕಾಗದದ ಮೇಲಿನ ಗೆರೆಯೆಂದರೆ ಅವಳ ಪಾಲಿಗೆ ಸೊಸಾಯಿಟಿಯ ಸಾಲದ ಪತ್ರದಲ್ಲಿ ಹೆಬ್ಬೆಟ್ಟು ಒತ್ತುವ ಸ್ಥಳವಾಗಿದ್ದಿತು.

ವೈದ್ಯರು ನಗಲಿಲ್ಲ. ಅವರೂ ದಖ್ಖನ್ನಿನ ಮಣ್ಣಿನವರೇ. ಕಾಗದವನ್ನು ಬದಿಗಿರಿಸಿ, “ಅಮ್ಮಾ, ರುಪಯ್ಯೇ ಮೇ ಕಿತ್ತೇ ಆನೇ?” ಎಂದರು. ತಾಯಿ ಕಣ್ಣು ಮಿಟುಕಿಸುವಷ್ಟೂ ತಡಮಾಡದೆ, “ಬಾರಾ ಆನೇ” ಎಂದಳು. ವೈದ್ಯರು ತಮ್ಮ ಪುಸ್ತಕದಲ್ಲಿ 75 ಎಂದು ಬರೆದುಕೊಂಡರು.

1957ರ ಏಪ್ರಿಲಿನಲ್ಲಿ ದಶಮಾಂಶ ನಾಣ್ಯಗಳು ಬಂದು ಆಣೆಗಳು ಸರಕಾರದ ಲೆಕ್ಕದಿಂದ ಬಿದ್ದುಹೋದವು. ಆದರೆ ನಮ್ಮ ಭಾಲ್ಕಿ, ಔರಾದ ಸೀಮೆಯ ಮುದುಕರ ಬಾಯಲ್ಲಿ ಅವು ಇಂದಿಗೂ ಸವೆದಿಲ್ಲ. ಬೆಳೆ ಎಷ್ಟು ಬಂತೆಂದರೆ “ಎಂಟಾಣೆ”. ಜ್ವರ ಇಳಿಯಿತೇ ಎಂದರೆ “ನಾಲ್ಕಾಣೆ ಉಳದದ”. ಅಂದು ಹೊರಗೆ ಬಂದ ಮೇಲೆ, ಅಷ್ಟು ನರಳುತ್ತಿರುವವಳು ಹನ್ನೆರಡಾಣೆ ಮಾತ್ರ ಏಕೆಂದಳೋ ಎಂದು ನಾನು ಕೇಳಿದೆನು. “ಹದಿನಾರಾಣೆ ಅನಬಾರ್ದು ತಮ್ಮಾ. ನಾಲ್ಕಾಣೆ ದೇವರ ಪಾಲು ಬಿಟ್ಟಿರಬೇಕು” ಎಂದಳು. ಅಳತೆಯಲ್ಲಿ ಅಳೆಯಲ್ಪಡುವವರ ಮರ್ಯಾದೆಯೂ ಸೇರಿಕೊಂಡಿರುತ್ತದೆ ಎಂಬುದನ್ನು ಆಗಲೇ ನಾನು ಗ್ರಹಿಸಬೇಕಾಗಿದ್ದಿತು. ಗ್ರಹಿಸದೆ ಹೋದೆನು, ಅದರ ಫಲವನ್ನು ಅವಳು ಉಂಡಳು.

ಸಂಗತಿಯ ಆರಂಭವನ್ನು ಹೇಳಬೇಕಾದರೆ 2006ಕ್ಕೆ ಹಿಂದಿರುಗಬೇಕು. ಆ ವರ್ಷ ಕರ್ನಾಟಕವನ್ನೆಲ್ಲ ಚಿಕುನ್‌ಗುನ್ಯ ಜ್ವರ ವ್ಯಾಪಿಸಿದುದನ್ನು ವಾಚಕರು ಮರೆತಿರಲಾರರು. ಆಫ್ರಿಕದ ಮಾಕೊಂಡೆ ಜನರ ಭಾಷೆಯಲ್ಲಿ ಆ ಹೆಸರಿಗೆ ‘ಬಾಗಿಸುವುದು’ ಎಂಬ ಅರ್ಥವಂತೆ. ಮಾಂಜ್ರಾ ನದಿಯ ಸೀಮೆಯ ನಮ್ಮ ಸಾಯಗಾಂವದಲ್ಲಿ ಆ ಹೆಸರಿನ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಓಣಿಗೆ ಓಣಿಯೇ ಬಾಗಿ ನಡೆಯುತ್ತಿದ್ದಿತು. ಮೇವಿನ ಹೊರೆ ಹೊರುವ ಗಟ್ಟಿಗರು ಗೋಡೆ ಹಿಡಿದು ಎದ್ದು ನಿಲ್ಲುತ್ತಿದ್ದರು. ತಾಯಿಗೂ ಬಂದಿತು. ಮೂರು ನಾಲ್ಕು ತಿಂಗಳಲ್ಲಿ ಹೆಚ್ಚಿನವರು ನೆಟ್ಟಗಾದರು. ಇವಳು ಆಗಲಿಲ್ಲ. ಊರೆಲ್ಲ ಒಂದೇ ಬೇನೆಯಿಂದ ನರಳಿದ್ದುದರಿಂದ ಇವಳದು ಅದೇ ಬೇನೆಯ ಬಾಲವೆಂದು ನಾವೆಲ್ಲರೂ ನಂಬಿದೆವು. ಆ ಜ್ವರದ ಕೀಲುನೋವು ಕೆಲವರಲ್ಲಿ ವರ್ಷಗಟ್ಟಲೆ ಉಳಿಯುವುದುಂಟು. ಆದುದರಿಂದ ನಮ್ಮ ನಂಬಿಕೆ ತೀರ ಮೂಢವಾದುದೇನೂ ಅಲ್ಲ. ಆದರೆ ಇವಳ ಎರಡೂ ಕೈಗಳ ಬೆರಳುಗಳ ಬುಡದ ಗೆಣ್ಣುಗಳು ಒಂದೇ ತೆರನಾಗಿ ಊದಿಕೊಂಡಿದ್ದವು. ಬೆಳಿಗ್ಗೆ ಎದ್ದಾಗ ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ಭಾಲ್ಕಿಗೆ ಹೋಗುವ ಮೊದಲನೆಯ ಮೋಟಾರು ಹೋಗಿ ಎರಡನೆಯದು ಬರುವ ಹೊತ್ತಿಗೆ ಕೈ ಬಿಡಿಸಿಕೊಳ್ಳುತ್ತಿದ್ದವು. ಈ ಬೆಳಗಿನ ಬಿಗಿತದ ಕಾಲಾವಧಿಯನ್ನು ವೈದ್ಯರು ಕೂಡ ಬಹುಕಾಲದಿಂದ ಒಂದು ಅಳತೆಯಾಗಿ ಬರೆದುಕೊಳ್ಳುತ್ತ ಬಂದಿದ್ದಾರೆಂಬುದು ನನಗೆ ಆಮೇಲೆ ತಿಳಿಯಿತು.

ಇದು ಆಮವಾತ. ಮಾಧವಕರನು ತನ್ನ ನಿದಾನಗ್ರಂಥದಲ್ಲಿ ಈ ಹೆಸರಿನ ರೋಗಕ್ಕೆ ಒಂದು ಪ್ರತ್ಯೇಕ ಅಧ್ಯಾಯವನ್ನೇ ಇಟ್ಟಿದ್ದಾನೆ. ಇಂಗ್ಲಂಡಿನ ಗ್ಯಾರಡ್ ಎಂಬ ವೈದ್ಯನು 1859ರಲ್ಲಿ ಅದಕ್ಕೆ ರುಮಟಾಯಿಡ್ ಆರ್ಥ್ರೈಟಿಸ್ ಎಂಬ ಹೆಸರನ್ನು ಕೊಟ್ಟನು. ಶರೀರದ ರಕ್ಷಣೆಗಿರುವ ಶಕ್ತಿಯು ತಪ್ಪುತಿಳಿದು ತನ್ನ ಕೀಲುಗಳ ಒಳಪೊರೆಯ ಮೇಲೆಯೇ ಬೀಳುವುದು ಇದರ ಸ್ವರೂಪ.

ಹೈದರಾಬಾದಿಗೆ ಹೋಗುವ ಮೊದಲು ನಾವು ಮಾಡಿದ ಅವಿವೇಕವನ್ನೂ ಮುಚ್ಚಿಡಲಾರೆನು. 2007ರಲ್ಲಿ ಗಡಿಯಾಚೆಯ ಒಂದು ಊರಿನವನು ಕೊಡುತ್ತಿದ್ದ ಪುಡಿಯ ಪೊಟ್ಟಣಗಳನ್ನು ತಂದೆಯವರು ಯಾರದೋ ಮಾತು ಕೇಳಿ ತರಿಸಿದರು. ಮೂರನೆಯ ದಿನ ತಾಯಿ ಎದ್ದು ತಾನೇ ಹಿಟ್ಟು ನಾದಿ ರೊಟ್ಟಿ ಬಡಿದಳು. ಎಷ್ಟಾಣೆ ಕಡಿಮೆಯೆಂದರೆ, “ಪೂರಾ ಹದಿನಾರಾಣೆ” ಎಂದಳು. ದೇವರ ಪಾಲನ್ನೂ ಬಿಡಲಿಲ್ಲ. ನಾಲ್ಕು ತಿಂಗಳಲ್ಲಿ ಮುಖ ಚಂದ್ರನ ಹಾಗೆ ದುಂಡಗಾಯಿತು. ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಂಡಿತು. ಪುಡಿಯನ್ನು ನಿಲ್ಲಿಸಿದ ವಾರದಲ್ಲಿ ಹಾಸಿಗೆ ಹಿಡಿದಳು. ಅದರಲ್ಲಿ ಸ್ಟಿರಾಯ್ಡನ್ನು ಅರೆದು ಬೆರೆಸಿದ್ದಿರಬೇಕೆಂದು ಹೈದರಾಬಾದಿನ ವೈದ್ಯರು ಲಕ್ಷಣಗಳಿಂದ ಊಹಿಸಿದರು.

ಹಳ್ಳಿಗರಾದ ನಾವು ಮೋಸಹೋದೆವೆಂದು ಬಹಳ ನಾಚಿಕೆಪಡುತ್ತಿದ್ದೆನು. ಮಹಾವಿದ್ವಾಂಸರ ಕಥೆಯನ್ನು ಕೇಳಿದ ಮೇಲೆ ಸ್ವಲ್ಪ ಸಮಾಧಾನವಾಯಿತು. ಅಮೆರಿಕದ ಮೇಯೊ ಆಸ್ಪತ್ರೆಯಲ್ಲಿ ಹೆಂಚ್ ಎಂಬವರು 1948ರ ಸೆಪ್ಟೆಂಬರಿನಲ್ಲಿ ಇದೇ ರೋಗದಿಂದ ಚಲನೆಯೇ ಇಲ್ಲದಂತಾಗಿದ್ದ ಒಬ್ಬ ತರುಣಿಗೆ ಕಾರ್ಟಿಸೋನನ್ನು ಚುಚ್ಚಿದರು. ಕೆಲವೇ ದಿವಸಗಳಲ್ಲಿ ಅವಳು ನಡೆದು ಪೇಟೆಗೆ ಹೋಗಿಬಂದಳು. ಜಗತ್ತು ಬೆರಗಾಯಿತು, 1950ರಲ್ಲಿ ಹೆಂಚ್, ಕೆಂಡಲ್, ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಔಷಧವನ್ನು ಮುಂದುವರಿಸಿದಂತೆ ಅದರ ಇನ್ನೊಂದು ಮುಖವೂ ಕಾಣಿಸಿತು. ಬ್ರಿಟನ್ನಿನ ವೈದ್ಯರು ರೋಗದ ಆರಂಭದಲ್ಲಿದ್ದವರಲ್ಲಿ ಕೆಲವರಿಗೆ ಕಾರ್ಟಿಸೋನನ್ನೂ ಕೆಲವರಿಗೆ ಸಾಧಾರಣವಾದ ಆಸ್ಪಿರಿನನ್ನೂ ಕೊಟ್ಟು, ಒಂದೇ ಬಗೆಯ ಅಳತೆಗಳಿಂದ ಇಬ್ಬರನ್ನೂ ಬಹುಕಾಲ ಅಳೆದು, 1954ರಲ್ಲಿ ಪ್ರಕಟಿಸಿದ ನಿರ್ಣಯವೇನೆಂದರೆ, ಎರಡಕ್ಕೂ ಹೇಳಿಕೊಳ್ಳುವಂತಹ ಅಂತರವಿಲ್ಲ! ಮೂರನೆಯ ದಿನದ ರೊಟ್ಟಿಯನ್ನು ಮಾತ್ರ ನೋಡಿದವನು ಪುಡಿಯವನಿಗೆ ಕೈಮುಗಿಯುತ್ತಾನೆ. ನಾಲ್ಕನೆಯ ತಿಂಗಳನ್ನೂ ಬರೆದಿಡುವವನೊಬ್ಬನು ಬೇಕಾಗುತ್ತಾನೆ.

ಹೈದರಾಬಾದಿನ ವೈದ್ಯರು ಇಂತಹ ಬರೆದಿಡುವ ಜಾತಿಯವರು. ಅವರು ತಾಯಿಯ ಕೀಲುಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಒತ್ತಿ, ನೋಯುವುದೇ, ಊದಿದೆಯೇ ಎಂದು ಬೇರೆಬೇರೆಯಾಗಿ ಎಣಿಸಿದರು. ಭುಜಗಳು ಎರಡು, ಮೊಳಕೈಗಳು ಎರಡು, ಮಣಿಕಟ್ಟುಗಳು ಎರಡು, ಬೆರಳುಗಳ ಬುಡದ ಗೆಣ್ಣುಗಳು ಹತ್ತು, ನಡುವಿನ ಗೆಣ್ಣುಗಳು ಹೆಬ್ಬೆರಳಿನವೂ ಸೇರಿ ಹತ್ತು, ಮೊಣಕಾಲುಗಳು ಎರಡು: ಒಟ್ಟು 28. ಇವುಗಳ ಜೊತೆಗೆ ರಕ್ತದ ಒಂದು ಪರೀಕ್ಷೆ. ನೆಟ್ಟಗೆ ನಿಲ್ಲಿಸಿದ ಸಣ್ಣ ಕೊಳವೆಯಲ್ಲಿ ಕೆಂಪು ಕಣಗಳು ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರು ಕೆಳಗಿಳಿದವೆಂದು ನೋಡುವುದು. ಉರಿಯೂತ ಹೆಚ್ಚಿದಷ್ಟೂ ಕಣಗಳು ಬೇಗ ಇಳಿಯುತ್ತವೆ. ಪೋಲೆಂಡಿನ ಬಿಯೆರ್ನಾಟ್ಸ್ಕಿ 1897ರಲ್ಲಿ ಇದನ್ನು ಕಂಡುಕೊಂಡನು. ಸ್ವೀಡನ್ನಿನ ವೆಸ್ಟರ್‌ಗ್ರೆನ್ 1921ರಲ್ಲಿ ಹೇಳಿದ ರೀತಿಯೇ ಇಂದಿಗೂ ಪ್ರಮಾಣವಾಗಿದೆ. ಕೊನೆಯದಾಗಿ ರೋಗಿಯ ಮಾತು, ಎಂದರೆ ನಮ್ಮ ಆಣೆಗಳು. ಈ ನಾಲ್ಕನ್ನೂ ಸೇರಿಸಿ ಒಂದೇ ಅಂಕಿಯಾಗಿ ಮಾಡುವ ಸೂತ್ರವು ಹಾಲೆಂಡಿನ ನೈಮೇಖೆನ್ ಎಂಬ ಊರಿನ ವಿದ್ವಾಂಸರದು. 28 ಕೀಲುಗಳ ಈ ರೂಪವು 1995ರಲ್ಲಿ ಹೊರಬಂದಿತು.

ಸೂತ್ರವನ್ನು ಕೇಳಿ ನನ್ನೊಳಗಿನ ಮಾಸ್ತರನು ಎದ್ದು ಕುಳಿತನು. ನೋಯುವ ಕೀಲುಗಳ ಸಂಖ್ಯೆಯ ವರ್ಗಮೂಲಕ್ಕೆ 0.56ರಿಂದ ಗುಣಾಕಾರ, ಊದಿದವುಗಳ ವರ್ಗಮೂಲಕ್ಕೆ 0.28ರಿಂದ, ರಕ್ತದ ಅಂಕಿಯ ಸ್ವಾಭಾವಿಕ ಲಾಗರಿತಮಿಗೆ 0.70ರಿಂದ, ರೋಗಿಯು ನೂರಕ್ಕೆ ಹೇಳಿದುದಕ್ಕೆ 0.014ರಿಂದ, ಆಮೇಲೆ ಎಲ್ಲವುಗಳ ಸಂಕಲನ. ವರ್ಗಮೂಲವೇಕೆಂದು ರೈಲಿನಲ್ಲಿ ಬರುವಾಗ ಯೋಚಿಸಿದೆನು. ಒಂದು ಕೀಲು ನಾಲ್ಕಾಗುವುದೂ ನಾಲ್ಕು ಒಂಬತ್ತಾಗುವುದೂ ಈ ಲೆಕ್ಕದಲ್ಲಿ ಸಮ. ಮೊದಲ ಕೆಲವು ಕೀಲುಗಳೇ ಮನುಷ್ಯನನ್ನು ಮುರಿಯುತ್ತವೆ, ಉಳಿದುವು ಬರಿಯ ಸೇರ್ಪಡೆ ಎಂದು ಸೂತ್ರಕಾರರಿಗೆ ತೋರಿತೋ, ಅಥವಾ ಅಂಕಿಗಳು ಮಾತ್ರ ಹಾಗೆ ಹೇಳಿದವೋ! ಅದೇನೇ ಇರಲಿ, ಎಣಿಕೆ ಬಂದವನಿಗೆ ಇದೊಂದು ಸುಂದರವಾದ ಸಮೀಕರಣವೇ ಸರಿ. ತಾಯಿಯ ಲೆಕ್ಕ: ನೋಯುವವು 14, ಊದಿದವು 9, ರಕ್ತದ ಅಂಕಿ 64, ಹನ್ನೆರಡಾಣೆಗೆ 75. ಭಾಲ್ಕಿಯ ನಿಲ್ದಾಣ ಬರುವಷ್ಟರಲ್ಲಿ ನಾನೂ ಮಾಡಿ ನೋಡಿದೆನು, 6.9 ಬಂದಿತು. 5.1ನ್ನು ಮೀರಿದರೆ ರೋಗವು ತೀವ್ರ, 2.6ಕ್ಕಿಂತ ಕೆಳಗಿಳಿದರೆ ಶಮನವೆಂದು ಎಣಿಕೆ.

ವಾರಕ್ಕೆ ಒಂದೇ ಸಲ ಮೆಥೊಟ್ರೆಕ್ಸೇಟ್ ಗುಳಿಗೆ, ಜೊತೆಗೆ ಫೋಲಿಕ್ ಆಮ್ಲ. ಅಪ್ಪಿತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯವೆಂದು ವೈದ್ಯರು ಮೂರು ಸಲ ಹೇಳಿದರು. ನಾನು ಸೋಮವಾರವನ್ನು ಗೊತ್ತುಮಾಡಿ ಗುಳಿಗೆಗಳನ್ನು ನನ್ನ ಟ್ರಂಕಿನಲ್ಲಿ ಬೀಗದೊಳಗಿಟ್ಟೆನು. ಪ್ರತಿ ತಿಂಗಳೂ ಬರಬೇಕೆಂದರು. ಮೋಟಾರಿನಲ್ಲಿ ಭಾಲ್ಕಿಗೆ, ಅಲ್ಲಿಂದ ರೈಲಿನಲ್ಲಿ ಬೀದರ, ಜಹೀರಾಬಾದ ದಾಟಿ ಹೈದರಾಬಾದಿಗೆ, ನೋಯುವ ಮುದುಕಿಯನ್ನು ಕರೆದುಕೊಂಡು ತಿಂಗಳಿಗೊಮ್ಮೆ! ನಾನು ಗೊಣಗಿದೆನು. ಆಗ ಅವರು ಗ್ಲಾಸ್ಗೊ ನಗರದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಹೇಳಿದರು. 111 ಜನ ರೋಗಿಗಳನ್ನು ಎರಡು ಪಂಗಡ ಮಾಡಿ, ಒಂದು ಪಂಗಡದವರನ್ನು ಪ್ರತಿ ತಿಂಗಳೂ ಇಂತಹ ಅಂಕಿಯಿಂದ ಅಳೆದು, ಅಂಕಿ ಇಳಿಯದಿದ್ದರೆ ಔಷಧವನ್ನು ಏರಿಸುತ್ತ ಹೋದರು. ಇನ್ನೊಂದು ಪಂಗಡದವರನ್ನು ವಾಡಿಕೆಯಂತೆ ನೋಡಿಕೊಂಡರು. ಮೊದಲನೆಯವರಲ್ಲಿ ನೂರಕ್ಕೆ 65 ಜನರಿಗೆ ಶಮನ, ಎರಡನೆಯವರಲ್ಲಿ 16 ಜನರಿಗೆ. ಹೊಸ ಔಷಧವೇನೂ ಇರಲಿಲ್ಲ. ಅಳತೆ ಮತ್ತು ಅಳತೆಗೆ ತಕ್ಕ ಹಟ, ಇಷ್ಟೇ ವ್ಯತ್ಯಾಸ. ನಾನು ಬಾಯಿ ಮುಚ್ಚಿಕೊಂಡು ಮುಂದಿನ ತಿಂಗಳ ಟಿಕೀಟು ತೆಗೆಸಿದೆನು.

ಕೀಲುಗಳ ಎಣಿಕೆಯಲ್ಲದೆ ಮತ್ತೊಂದು ಪ್ರಶ್ನಾವಳಿಯೂ ಇದ್ದಿತು. ಅಮೆರಿಕದ ಸ್ಟ್ಯಾನ್‌ಫರ್ಡಿನ ಫ್ರೈಸ್ ಎಂಬವರು 1980ರಲ್ಲಿ, ರೋಗಿಯ ಕೀಲನ್ನಲ್ಲ, ರೋಗಿಯು ಮಾಡಬಲ್ಲ ಕೆಲಸಗಳನ್ನು ಕೇಳಿ ಅಳೆಯುವ ಒಂದು ಕ್ರಮವನ್ನು ಹಾಕಿಕೊಟ್ಟರು. ಅದನ್ನು ದಿಲ್ಲಿಯ ವೈದ್ಯರು ನಮ್ಮ ದೇಶದ ಬದುಕಿಗೆ ಹೊಂದಿಸಿ 2002ರಲ್ಲಿ ಹೊರತಂದರು. ಅದರಲ್ಲಿ ಹನ್ನೆರಡು ಪ್ರಶ್ನೆಗಳು: ಸೀರೆ ಉಡಬಲ್ಲಿರಾ, ಚಕ್ಕಳಮಕ್ಕಳ ಹಾಕಿ ಅಥವಾ ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳಬಲ್ಲಿರಾ, ಆಟೋರಿಕ್ಷಾ ಹತ್ತಿ ಇಳಿಯಬಲ್ಲಿರಾ, ಎಂಬಿಂತಹವು. ತೊಂದರೆಯಿಲ್ಲವೆಂದರೆ ಸೊನ್ನೆ, ಆಗುವುದೇ ಇಲ್ಲವೆಂದರೆ ಮೂರು. ಈ ಪ್ರಶ್ನೆಗಳು ನನ್ನ ತಾಯಿಗೆ ಬಹಳ ಸೇರಿದವು. ಆದರೆ ರೊಟ್ಟಿಯ ಮಾತಿಲ್ಲವಲ್ಲ ಎಂದು ಅವಳ ಆಕ್ಷೇಪಣೆ. ಜೋಳದ ರೊಟ್ಟಿಯನ್ನು ಬಡಿಯುವುದೆಂದರೆ ಮಣಿಕಟ್ಟು, ಗೆಣ್ಣು, ಅಂಗೈ, ಭುಜ ಎಲ್ಲಕ್ಕೂ ಏಕಕಾಲದಲ್ಲಿ ಪರೀಕ್ಷೆ. ಹೀಗಾಗಿ ನಾನು ಮನೆಯಲ್ಲಿ ಒಂದು ವಹಿಯನ್ನು ಇಟ್ಟು ಮೂರು ಕಾಲಂ ಗೆರೆ ಹಾಕಿದೆನು. ಬೆಳಗಿನ ಬಿಗಿತ ಎಷ್ಟು ಹೊತ್ತು, ರೊಟ್ಟಿ ಎಷ್ಟು, ಎಷ್ಟಾಣೆ. ಮೊದಲ ಪುಟದಲ್ಲಿ ರೊಟ್ಟಿಯ ಕಾಲಂ ಪೂರ್ತಿ ಸೊನ್ನೆ. ಐದನೆಯ ತಿಂಗಳಲ್ಲಿ ಎರಡು, ಎಂಟನೆಯದರಲ್ಲಿ ಏಳು. ಹೊಸ ಔಷಧಗಳ ಪರೀಕ್ಷೆಯಲ್ಲಿ ನೂರಕ್ಕೆ ಇಪ್ಪತ್ತರಷ್ಟು ಸುಧಾರಣೆಯಾದರೆ ಗುಣ ಕಂಡಿತೆಂದು ಎಣಿಸುವ ಒಂದು ಪದ್ಧತಿ 1995ರಿಂದ ಇದೆಯೆಂದು ವೈದ್ಯರು ಹೇಳಿದಾಗ, ಮೂರಾಣೆಗಿಂತ ತುಸು ಹೆಚ್ಚು ಎಂದು ನಾನು ತಾಯಿಗೆ ಬಿಡಿಸಿ ಹೇಳಿದೆನು. “ಮೂರಾಣೆಗೆ ಇಷ್ಟು ಸಂಭ್ರಮವೇನು?” ಎಂದು ಅವಳಿಗೆ ಆಶ್ಚರ್ಯವಾಯಿತು.

2009ರ ಬೇಸಗೆಯ ಹೊತ್ತಿಗೆ ನೋಯುವ ಕೀಲು ಒಂದೇ ಒಂದು, ಊದಿದುದು ಇಲ್ಲ, ರಕ್ತದ ಅಂಕಿ 12, ತಾಯಿಯ ಬಾಯಲ್ಲಿ ಎರಡಾಣೆ. ಲೆಕ್ಕ ಮಾಡಿದರೆ ಎರಡೂವರೆಗೂ ಸ್ವಲ್ಪ ಕಡಿಮೆ. ಶಮನ! ವೈದ್ಯರು ಸಂತೋಷದಿಂದ, ಇನ್ನು ಮೂರು ತಿಂಗಳಿಗೊಮ್ಮೆ ಬಂದರೆ ಸಾಕೆಂದರು. ನಾನು ಊರಿನಲ್ಲಿ ಕಂಡಕಂಡವರಿಗೆಲ್ಲ ಆ ಅಂಕಿಯನ್ನು ಹೇಳಿಕೊಂಡು ತಿರುಗಿದೆನು.

ಆ ವರ್ಷ ಖಾನಾಪುರದ ಮೈಲಾರ ಮಲ್ಲಣ್ಣನ ಗುಡಿಗೆ ಹೋಗೋಣವೆಂದರೆ ತಾಯಿ ಒಲ್ಲೆನೆಂದಳು. ಪ್ರತಿವರ್ಷ ತಪ್ಪಿಸದವಳು ಏಕೆಂದು ಕೇಳಿದರೆ, ಬಿಸಿಲೆಂದಳು, ಗದ್ದಲವೆಂದಳು. ಹೊಲಕ್ಕೂ ಇಳಿಯುತ್ತಿರಲಿಲ್ಲ. ರೊಟ್ಟಿಯೇನೋ ಒಂಬತ್ತು ಹತ್ತು ಆಗುತ್ತಿದ್ದವು. ಆದರೆ ಎಲ್ಲವೂ ಕುಳಿತಲ್ಲಿಯೇ. ನನ್ನ ವಹಿಯಲ್ಲಿ ಇದಕ್ಕೆ ಕಾಲಂ ಇರಲಿಲ್ಲವಾದುದರಿಂದ ಇದು ನನ್ನ ಕಣ್ಣಿಗೂ ಬೀಳಲಿಲ್ಲ. ವಯಸ್ಸಾಯಿತೆಂದುಕೊಂಡೆನು.

2010ರಲ್ಲಿ ಒಂದು ದಿನ ಮನೆಯಲ್ಲಿ ಸುಣ್ಣ ಹಚ್ಚಿಸುವಾಗ, ದೇವರ ಗೂಡಿನ ಹಿಂದಿನಿಂದ ಹಳೆಯ ಅರಿವೆಯ ಗಂಟೊಂದು ಕೆಳಗೆ ಬಿದ್ದಿತು. ಬಿಚ್ಚಿದರೆ ಬಾಯಿ ಕೂಡಿದ ಬೆಳ್ಳಿಯ ಎರಡು ಕಾಲುಂಗುರಗಳು. ಒಂದನ್ನು ಕತ್ತರಿಸಿ ತೆಗೆದಿದ್ದರು. ತಂದೆಯವರು ಪಡಸಾಲೆಯಲ್ಲಿ ಕುಳಿತಿದ್ದಾರೆ. ಅವರಿರುವಾಗ ಕಾಲುಂಗುರವನ್ನು ತೆಗೆಯುವುದೆಂದರೆ ನಮ್ಮ ಕಡೆಯ ಹೆಂಗಸಿಗೆ ಎಂತಹ ಸಂಕಟವೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ತಾಯಿಯ ಕಾಲುಗಳನ್ನು ನೋಡಿದೆನು. ಬೆರಳುಗಳು ಊದಿ ಒಂದರ ಮೇಲೊಂದು ಏರಿದ್ದವು. ಉಂಗುರದ ಸ್ಥಳದಲ್ಲಿ ಅರಿಸಿನದ ದಾರದ ಒಂದೊಂದು ಎಳೆ. ಎಂದಿನಿಂದ ಹೀಗೆ ಎಂದು ಕೇಳಿದೆನು. “ಮೊದಲಿನಿಂದ್ಲೂ ಅದಾ. ಉಂಗುರ ಏರವಲ್ದು” ಎಂದಳು. ಇಷ್ಟು ದಿನ ಏಕೆ ಹೇಳಲಿಲ್ಲ? “ಕಾಲಿನ ಮಾತು ಯಾರೂ ಕೇಳಲಿಲ್ಲ, ನಾ ಹೇಳಲಿಲ್ಲ.”

ನಾನು ವಹಿಯನ್ನು ತೆರೆದು ಆ 28ನ್ನು ಮತ್ತೆ ಬೆರಳೆಣಿಸಿದೆನು. ಮೊಣಕಾಲಿಗೇ ಎಣಿಕೆ ನಿಂತುಹೋಗಿದೆ. ಹಿಮ್ಮಡದ ಕೀಲೂ ಇಲ್ಲ, ಪಾದವೂ ಇಲ್ಲ, ಬೆರಳುಗಳೂ ಇಲ್ಲ. ವರ್ಗಮೂಲದ ಸೌಂದರ್ಯವನ್ನು ಕಂಡವನಿಗೆ ಇದು ಎರಡು ವರ್ಷ ಕಾಣಲಿಲ್ಲ.

ಮುಂದಿನ ಸಲ ಹೋದಾಗ ವೈದ್ಯರಿಗೆ ಹೇಳಿದೆನು. ಅವರು ಬೇಸರಪಟ್ಟುಕೊಳ್ಳಲಿಲ್ಲ, ಸಮರ್ಥಿಸಿಕೊಳ್ಳಲೂ ಇಲ್ಲ. ಹೆಚ್ಚಿನ ಕೀಲುಗಳನ್ನು ಎಣಿಸಿದಾಗ ಬರುವ ಫಲವೇ ಬಹುಮಟ್ಟಿಗೆ 28ರಿಂದಲೂ ಬರುತ್ತದೆ, ಸಮಯವೂ ಉಳಿಯುತ್ತದೆ. ಕಾಲಿನ ಊತಕ್ಕೆ ಬೇರೆ ಕಾರಣಗಳೂ ಇರುವುದರಿಂದ ಅದನ್ನು ಗುರುತಿಸುವುದು ಕಷ್ಟವೆಂದು ಬಿಟ್ಟಿದ್ದಾರೆ. ಆದರೆ ಎಣಿಕೆಯಲ್ಲಿ ಬಿಟ್ಟುದನ್ನು ನೋಡುವುದರಲ್ಲಿ ಬಿಡಬಾರದಾಗಿತ್ತು, ಎಂದರು. ನೆಲದ ಮೇಲೆ ಕುಕ್ಕರಿಸಿ ಕುಳಿತು ಕಾಲನ್ನು ಮುಂದೆ ಚಾಚಿರೆಂದರು. ತಾಯಿ ಸೀರೆಯ ನಿರಿಗೆಯೊಳಗೆ ಎರಡು ಪಾದಗಳನ್ನೂ ಎಳೆದುಕೊಂಡಳು. “ಬ್ಯಾಡಪ್ಪಾ, ದೇವರಂಥಾ ಡಾಕ್ಟರ ಕೈ ನನ್ನ ಕಾಲಿಗೆ ಹತ್ತಬಾರ್ದು” ಎಂದು ಅವಳ ಹಟ. ವೈದ್ಯರು ಕೇಳುವಾಗ ಅವಳು ಎರಡಾಣೆ ಎಂದುದರ ಒಳಗುಟ್ಟು ನನಗೆ ಆಗ ಹೊಳೆಯಿತು. ಗುಣ ಮಾಡಿದವರ ಎದುರಿಗೆ ನೋವು ಉಳಿದಿದೆಯೆನ್ನುವುದು ಅವರ ಕೈಗುಣವನ್ನು ಹಳಿದಂತೆ. ಮಗನ ಖರ್ಚನ್ನು ಏರಿಸಿದಂತೆ. ನೂರು ಮಿಲಿಮೀಟರಿನ ಗೆರೆಯ ಯಾವ ತುದಿಯಲ್ಲಿ ಇದಕ್ಕೆ ಎಡೆಯಿದೆಯೋ ನಾನರಿಯೆನು. ಈ ವಿದ್ಯೆಯವರೇ 1992ರಿಂದ ಆಗಾಗ ಸಭೆ ಕೂಡಿ, ಏನನ್ನು ಅಳೆಯಬೇಕೆಂದು ಚರ್ಚಿಸುತ್ತ ಬಂದಿದ್ದಾರಂತೆ. ರೋಗಿಗಳನ್ನು ಆ ಸಭೆಗೆ ಕರೆದುದು 2002ರಲ್ಲಿ. ಕರೆದೊಡನೆ ರೋಗಿಗಳು ಹೇಳಿದ ಮುಖ್ಯವಾದ ಮಾತೆಂದರೆ, ನಮ್ಮ ದಣಿವನ್ನು ನೀವು ಅಳೆಯುವುದೇ ಇಲ್ಲವಲ್ಲ, ಎಂಬುದು. ಅಲ್ಲಿಯೂ ಕೇಳಿದ ಮೇಲೆಯೇ ಹೇಳಿದ್ದಾರೆ!

ಕಡೆಗೆ ವೈದ್ಯರು ಒಂದು ಉಪಾಯ ಮಾಡಿದರು. ಒಂದು ಟವೆಲನ್ನು ಅವಳ ಪಾದಗಳ ಮೇಲೆ ಹೊದಿಸಿ, ಬಟ್ಟೆಯ ಮೇಲಿನಿಂದಲೇ ಮೆಲ್ಲಗೆ ಬೆರಳುಗಳ ಬುಡವನ್ನು ಹಿಂಡಿದರು. ತಾಯಿ ಏನೂ ಅನ್ನಲಿಲ್ಲ. ಆದರೆ ನನ್ನ ತೋಳನ್ನು ಹಿಡಿದಿದ್ದ ಅವಳ ಕೈ ಒಮ್ಮೆಲೆ ಬಿಗಿಯಿತು. ಹತ್ತರಲ್ಲಿ ಏಳು ಬೆರಳುಗಳ ಬುಡದಲ್ಲಿ ಹೀಗಾಯಿತು, ನಾನು ಎಣಿಸಿದೆನು. ವೈದ್ಯರು ಮೆಥೊಟ್ರೆಕ್ಸೇಟಿನ ಪ್ರಮಾಣವನ್ನು ಏರಿಸಿ, ಜೊತೆಗೆ ಸಲ್ಫಸಲಜೀನನ್ನು ಬರೆದುಕೊಟ್ಟರು. ಮತ್ತೆ ಪ್ರತಿ ತಿಂಗಳೂ ಪ್ರಯಾಣ. ನನ್ನ ವಹಿಯಲ್ಲಿ ನಾಲ್ಕನೆಯ ಕಾಲಂ ಬಂದಿತು. ಮನೆಯಿಂದ ಊರಬಾವಿಯವರೆಗೆ ಹೋಗಿಬಂದಳೇ, ನಡುವೆ ಎಷ್ಟು ಸಲ ನಿಂತಳು ಎಂಬುದು ಅದರ ವಿಷಯ. ಆಣೆಗಳನ್ನು ಕೇಳುವ ಕೆಲಸವನ್ನು ನನ್ನ ಹೆಂಡತಿಗೆ ಒಪ್ಪಿಸಿದೆನು. ಮಗನಿಗೆ ಎರಡಾಣೆ ಎಂದವಳು ಸೊಸೆಗೆ ಅದೇ ದಿನ ಒಂಬತ್ತಾಣೆ ಎಂದಳು. ಅಂದಿನಿಂದ ಆ ಕಾಲಂ ಸೊಸೆಯದೇ ಆಯಿತು.

ಹನ್ನೊಂದು ತಿಂಗಳಾದ ಮೇಲೆ ಊತವೇನೋ ಇಳಿಯಿತು. ಸೊಟ್ಟಗಾದ ಬೆರಳುಗಳು ಮಾತ್ರ ಸೊಟ್ಟಗೆಯೇ ಉಳಿದವು. ಅವು ಔಷಧಕ್ಕೆ ಮೀರಿದುವೆಂದು ವೈದ್ಯರು ಮೊದಲೇ ಹೇಳಿದ್ದರು. ನಾನು ಆ ಉಂಗುರಗಳನ್ನು ಭಾಲ್ಕಿಯ ಅಕ್ಕಸಾಲಿಗನಲ್ಲಿಗೆ ಒಯ್ದು, ಕತ್ತರಿಸಿದುದನ್ನು ಬೆಸೆಯಿಸಿ, ಎರಡನ್ನೂ ಒಂದು ನೂಲು ಅಗಲ ಮಾಡಿಸಿ ತಂದೆನು. ತಾಯಿ ಗೋಡೆಗೆ ಒರಗಿ ಕುಳಿತಳು. ಸೊಸೆ ಕೊಬ್ಬರಿ ಎಣ್ಣೆ ಹಚ್ಚಿ ಏರಿಸಲು ನೋಡಿದಳು. ಅಂದಿನ ಪುಟದ ಅಂಚಿನಲ್ಲಿ, ಕಾಲಮಿನ ಹೊರಗೆ, ನಾನು ಬರೆದುದು ಇನ್ನೂ ಇದೆ: ಎಡಗಾಲು, ಏರಿತು, ಬಲಗಾಲು, ಇಲ್ಲ, ದಾರವೇ ಇರಲಿ ಎಂದಳು.